ಮನೆಯಲ್ಲೇ ತುಡುವೆ ಪೆಟ್ಟಿಗೆ ಮಾಡುವವರು ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮದು ಉಡುಪಿಯಿಂದ ಒಳಗೆ, ಹಿರಿಯಡ್ಕದ ಕಡೆ. ನಾವು ಸಾಕುವುದು ತುಡುವೆ ಎಂಬ ಊರ ಜೇನು. ಅಂಗಳದ ಬದಿಯ ಜೇನು ಪೆಟ್ಟಿಗೆ ನೋಡಿದವರು ಮೊದಲು ಜೇನಿನ ರೇಟು ಕೇಳುತ್ತಾರೆ. ಆಮೇಲಿನ ಪ್ರಶ್ನೆ, "ಪೆಟ್ಟಿಗೆ ನೀವೇ ಮಾಡಿದ್ದಾ?" ಹೌದು ಅಂದರೆ ಫೋನ್ ತೆಗೆದು ನಾಲ್ಕು ಫೋಟೊ ಹೊಡೆದುಕೊಂಡು ಹೋಗುತ್ತಾರೆ. ತಿಂಗಳು ಬಿಟ್ಟು ಅವರದೇ ಫೋನ್ ಬರುತ್ತದೆ: ಎರಿ (ನೊಣ ಕಟ್ಟುವ ಮೇಣದ ತಟ್ಟೆ) ಎಲ್ಲ ಪೆಟ್ಟಿಗೆಯ ಗೋಡೆಗೆ ಅಂಟಿಕೊಂಡಿದೆ, ಎರಿ ಹಿಡಿಯುವ ಮರದ ಫ್ರೇಮ್ ಎತ್ತಲಿಕ್ಕೇ ಆಗುವುದಿಲ್ಲ, ಏನು ಮಾಡುವುದು? ಒಳಗಿನ ಸಂದು ಫೋಟೊದಲ್ಲಿ ಕಾಣುವುದಿಲ್ಲ, ಅದೇ ತೊಂದರೆ. ಹಾಗಾಗಿ ಈ ಉತ್ತರಗಳನ್ನು ಬರೆದಿಟ್ಟಿದ್ದೇನೆ.

ಅಂಗಡಿಯಲ್ಲಿ, ಸಂಘದಲ್ಲಿ ಪೆಟ್ಟಿಗೆ ಸಿಗುತ್ತದಲ್ಲ? ಯಾಕೆ ಮಾಡಬೇಕು?

ಒಂದೇ ಪೆಟ್ಟಿಗೆ ಬೇಕಾದರೆ ಮಾಡಬೇಡಿ, ಕೊಂಡುಕೊಳ್ಳಿ. ಪುತ್ತೂರಿನಲ್ಲಿ ಜೇನು ವ್ಯವಸಾಯಗಾರರ ಸಹಕಾರಿ ಸಂಘ ಇದೆ. ತೋಟಗಾರಿಕೆ ಇಲಾಖೆಯಲ್ಲೂ ಸಬ್ಸಿಡಿ ಇರುತ್ತದೆ. ಅದು ವರ್ಷ ವರ್ಷ ಬದಲಾಗುವುದರಿಂದ ತಾಲೂಕು ಕಚೇರಿಯಲ್ಲೇ ವಿಚಾರಿಸಿ. ಮನೆಯಲ್ಲಿ ಹಳೆ ಬಾಗಿಲು, ಮಾಡು (ಛಾವಣಿ) ಬಿಚ್ಚಿದ ಹಲಗೆ ಬಿದ್ದಿದ್ದರೆ, ಕೈಗೆ ಸ್ವಲ್ಪ ಮರಗೆಲಸ ಗೊತ್ತಿದ್ದರೆ, ನಾಲ್ಕೈದು ಪೆಟ್ಟಿಗೆ ಇಡುವ ಯೋಚನೆ ಇದ್ದರೆ ಮಾತ್ರ ಮಾಡುವುದರಲ್ಲಿ ಅರ್ಥ ಇದೆ. ಆಗಲೂ ನನ್ನ ಸಲಹೆ ಒಂದೇ: ಮೊದಲ ಪೆಟ್ಟಿಗೆ ಕೊಂಡು ತನ್ನಿ. ಎರಡನೆಯದನ್ನು ಅದನ್ನು ಎದುರಿಗಿಟ್ಟುಕೊಂಡು ಮಾಡಿ. ನಿಮ್ಮ ಫ್ರೇಮ್ ಅದರಲ್ಲಿ, ಅದರ ಫ್ರೇಮ್ ನಿಮ್ಮದರಲ್ಲಿ ಸಲೀಸಾಗಿ ಕೂತರೆ ಪಾಸು.

ಯಾವ ಜೇನಿಗೆ ಈ ಪೆಟ್ಟಿಗೆ?

ತುಡುವೆಗೆ ಮಾತ್ರ. ಹೆಜ್ಜೇನು ಬಯಲಲ್ಲಿ, ದೊಡ್ಡ ಮರದ ಕೊಂಬೆಗೋ ನೀರಿನ ಟ್ಯಾಂಕಿನ ಅಡಿಗೋ ಒಂದೇ ಎರಿ ಕಟ್ಟುತ್ತದೆ, ಪೆಟ್ಟಿಗೆಗೆ ಬರುವುದಿಲ್ಲ. ಕೋಲುಜೇನೂ ಹಾಗೆಯೇ. ತುಡುವೆ ಕತ್ತಲಲ್ಲಿ, ಪೊಟರೆಯಲ್ಲಿ ಸಾಲಾಗಿ ಹಲವು ಎರಿ ಕಟ್ಟುವ ಜಾತಿ. ಮುರಕಲ್ಲಿನ ಗೋಡೆಯ ತೂತು, ಹುತ್ತ, ಹಳೆ ಮಾವಿನ ಮರ ಎಲ್ಲ ಅದಕ್ಕೆ ಮನೆಯೇ. ನಾವು ಮಾಡುವುದು ಒಂದು ಒಳ್ಳೆ ಪೊಟರೆ, ಅಷ್ಟೇ. ಮೆಲ್ಲಿಫೆರಾ ಅನ್ನುವ ಪರದೇಶದ ಜೇನಿನ ಪೆಟ್ಟಿಗೆ ದೊಡ್ಡದು. ಯೂಟ್ಯೂಬಿನಲ್ಲಿ ಸಿಗುವ ನಕ್ಷೆ ಹೆಚ್ಚಿನವು ಅದರದ್ದು. ಆ ಅಳತೆಗೆ ಮಾಡಿ ತುಡುವೆ ಬಿಟ್ಟರೆ ನಾಲ್ಕು ಜನರ ಸಂಸಾರಕ್ಕೆ ಛತ್ರ ಕೊಟ್ಟ ಹಾಗೆ.

ಅಳತೆ ಹೇಳಿ.

ನಾನು ಹಿಡಿಯುವುದು ಐಎಸ್‌ಐ ‘ಎ’ ಮಾದರಿಯ ಫ್ರೇಮು. ತಿರುಚಿರಾಪಳ್ಳಿಯಲ್ಲಿ ಫಾದರ್ ನ್ಯೂಟನ್ ಎಂಬವರು 20ನೇ ಶತಮಾನದ ಆರಂಭದಲ್ಲಿ ತುಡುವೆಗಾಗಿಯೇ ರೂಪಿಸಿದ ಪೆಟ್ಟಿಗೆಯ ಹತ್ತಿರದ ಅಳತೆ ಇದು. ರಾಣಿ, ಮರಿಗಳು ಇರುವ ಕೆಳಗಿನ ಸಂಸಾರ ಕೋಣೆಯ ಫ್ರೇಮಿನ ಒಳ ಅಳತೆ 210 × 145 ಮಿ.ಮೀ. ನಾವು ಜೇನು ತೆಗೆಯುವ ಮೇಲಿನ ಜೇನು ಕೋಣೆಯದ್ದು 210 × 65 ಮಿ.ಮೀ.

ಈ ಎರಡು ಅಳತೆ ಗಟ್ಟಿ ಹಿಡಿದುಕೊಳ್ಳಿ. ಉಳಿದದ್ದೆಲ್ಲ ಲೆಕ್ಕ. 10 ಮಿ.ಮೀ. ದಪ್ಪದ ಪಟ್ಟಿಯಿಂದ ಫ್ರೇಮ್ ಮಾಡಿದರೆ ಅದರ ಹೊರ ಅಗಲ 230. ಎರಡೂ ತುದಿಗೆ 9 ಮಿ.ಮೀ. ಸಂದು ಬಿಟ್ಟರೆ ಪೆಟ್ಟಿಗೆಯ ಒಳ ಉದ್ದ 248. ಫ್ರೇಮು 8. ಒಂದೊಂದರ ಮೇಲುಪಟ್ಟಿ 22 ಮಿ.ಮೀ. ಅಗಲ, ನಡುವೆ 9 ಮಿ.ಮೀ. ಖಾಲಿ, ಎರಡು ಬದಿಯ ಗೋಡೆಗೆ ಎಂಟೂವರೆ. ಕೂಡಿಸಿದರೆ ಒಳ ಅಗಲ 256. ಎತ್ತರ: ಮೇಲುಪಟ್ಟಿ 10, ಒಳಗೆ 145, ಕೆಳಪಟ್ಟಿ 10, ಅಡಿಯಲ್ಲಿ 8 ಸಂದು. ಒಟ್ಟು 173. ಜೇನು ಕೋಣೆಗೆ ಇದೇ ಲೆಕ್ಕದಲ್ಲಿ ಎತ್ತರ 93.

ಹಲಗೆ ಕೀಸಿದ ಮೇಲೆ 22 ಮಿ.ಮೀ. ದಪ್ಪ ಉಳಿಯಬೇಕು. ಒಂದಿಂಚಿನ ಹಲಗೆ ತಂದರೆ ಸರಿಯಾಗುತ್ತದೆ. ಸಂಸಾರ ಕೋಣೆಗೆ 300 × 173ರ ಎರಡು ತುಂಡು ಮುಂದೆ ಹಿಂದೆ, 248 × 173ರ ಎರಡು ತುಂಡು ಬದಿಗೆ. ಜೇನು ಕೋಣೆಗೆ ಉದ್ದ ಅದೇ, ಎತ್ತರ ಮಾತ್ರ 93. ಏಳಿಂಚಿನ ಮತ್ತು ನಾಲ್ಕಿಂಚಿನ ಹಲಗೆ ಸಿಕ್ಕಿದರೆ ಹಾಳಾಗುವುದು ಕಡಿಮೆ.

ಆಚಾರಿಗೆ ಇಂಚಿನಲ್ಲಿ ಹೇಳಬಹುದಾ?

ಬೇಡ. ನಾನು ಹೇಳಿದ್ದೆ. ಅವರ ಇಂಚು, ನೂಲಿನ ಲೆಕ್ಕ ಬಾಗಿಲು ಕಿಟಕಿಗೆ ಬಹಳ ಚೆನ್ನ. ಒಂದು ನೂಲು ಅಂದರೆ ಇಂಚಿನ ಎಂಟನೇ ಒಂದು ಪಾಲು, ಮೂರು ಮಿ.ಮೀ.ಗಿಂತ ಸ್ವಲ್ಪ ಜಾಸ್ತಿ. ಕಿಟಕಿಯಲ್ಲಿ ಒಂದು ನೂಲು ಆಚೆ ಈಚೆ ಆದರೆ ಯಾರಿಗೂ ಗೊತ್ತಾಗುವುದಿಲ್ಲ. ಜೇನಿಗೆ ಗೊತ್ತಾಗುತ್ತದೆ. ನನ್ನ ಮೊದಲ ಪೆಟ್ಟಿಗೆಯಲ್ಲಿ ಫ್ರೇಮಿಗೂ ಗೋಡೆಗೂ ನಡುವೆ ಅರ್ಧ ಇಂಚು ಬಂದಿತ್ತು. ನೋಡಲು ಎಷ್ಟು ಚಂದ ಇತ್ತೆಂದರೆ ಮನೆಯವರು ಹೊರಗಿಡಲಿಕ್ಕೇ ಬಿಡಲಿಲ್ಲ, ಜಗಲಿಯಲ್ಲಿ ಇಟ್ಟಿದ್ದರು. ಮಾರ್ಚಿನಲ್ಲಿ ಮುಚ್ಚಳ ತೆಗೆದರೆ ಎರಿ ಫ್ರೇಮಿನಿಂದ ಗೋಡೆಗೆ ಸೇತುವೆ ಕಟ್ಟಿಕೊಂಡಿತ್ತು. ಚಾಕು ಹಾಕಿ ಕೊಯ್ಯಬೇಕಾಯಿತು. ಜೇನು ಸುರಿಯಿತು, ಮರಿ ಸತ್ತಿತು, ನನ್ನ ಮುಖ ಊದಿತು. ಅಂದಿನಿಂದ ಸ್ಟೀಲ್ ಸ್ಕೇಲ್, ಮಿ.ಮೀ. ಲೆಕ್ಕ ಮಾತ್ರ.

ಆ 8–9 ಮಿ.ಮೀ. ಸಂದಿನಲ್ಲಿ ಅಂಥದ್ದೇನಿದೆ?

ಎಲ್ಲವೂ ಅದರಲ್ಲೇ ಇದೆ. ಜೇನ್ನೊಣಗಳು ಓಡಾಡಲು ಬಿಡುವ ಓಣಿ ಅದು. ಅಷ್ಟು ಜಾಗ ಇದ್ದರೆ ದಾರಿ ಅಂತ ಬಿಟ್ಟುಬಿಡುತ್ತವೆ. ಅದಕ್ಕಿಂತ ದೊಡ್ಡದಾದರೆ "ಖಾಲಿ ಜಾಗ ಯಾಕೆ?" ಅಂತ ಎರಿ ಕಟ್ಟುತ್ತವೆ. 1851ರಲ್ಲಿ ಅಮೆರಿಕದ ಲ್ಯಾಂಗ್‌ಸ್ಟ್ರಾತ್ ಎಂಬ ಪಾದ್ರಿ ಇದನ್ನು ಬಳಸಿಕೊಂಡು ಎತ್ತಿ ಇಳಿಸುವ ಫ್ರೇಮಿನ ಪೆಟ್ಟಿಗೆ ಮಾಡಿದರು. ಅಲ್ಲಿಯವರೆಗೆ ಜೇನು ತೆಗೆಯುವುದೆಂದರೆ ಹೆಚ್ಚಾಗಿ ಗೂಡು ಒಡೆಯುವುದೇ ಆಗಿತ್ತು.

ಚಿಕ್ಕದಾದರೆ ಏನು? ಇಲ್ಲಿ ತುಡುವೆಯ ಸ್ವಭಾವ ಬೇರೆ. ಮೆಲ್ಲಿಫೆರಾ ಸಣ್ಣ ಬಿರುಕುಗಳನ್ನು ಮರದ ಅಂಟಿನಿಂದ ಮೆತ್ತಿ ಮುಚ್ಚುತ್ತದೆ. ತುಡುವೆಗೆ ಆ ಅಭ್ಯಾಸ ಇಲ್ಲ. ಹಾಗಾಗಿ ನೊಣ ಹೋಗಲಾಗದ ಬಿರುಕು ಬಿರುಕಾಗಿಯೇ ಉಳಿಯುತ್ತದೆ. ಮೇಣದ ಪತಂಗ ಅಂಥ ಜಾಗಕ್ಕೇ ಕಾಯುತ್ತಿರುತ್ತದೆ. ಅಲ್ಲಿ ಮೊಟ್ಟೆ ಇಟ್ಟರೆ ಹುಳು ಎರಿಯೊಳಗೆ ಸುರಂಗ ಕೊರೆದು ಬಲೆ ನೇಯುತ್ತದೆ. ನೊಣಗಳ ಕುಟುಂಬವೇ ಬೇಸತ್ತು ಎದ್ದು ಹೋಗುತ್ತದೆ. ಆದ್ದರಿಂದ ತುಡುವೆ ಪೆಟ್ಟಿಗೆಯಲ್ಲಿ ಎರಡು ನಿಯಮ: ದಾರಿ ಇರುವಲ್ಲಿ ಸರಿಯಾಗಿ 8–9, ಜೋಡಣೆ ಇರುವಲ್ಲಿ ಬೆಳಕೂ ತೂರಬಾರದು.

ಯಾವ ಮರ ಒಳ್ಳೆಯದು?

ಸಾಗುವಾನಿ ಒಳ್ಳೆಯದು ಅಂತ ಎಲ್ಲರಿಗೂ ಗೊತ್ತು, ಹಣ ಇದ್ದರೆ ಆಯಿತು. ನಮ್ಮ ಕಡೆ ಹಲಸು, ಹೆಬ್ಬಲಸು ಸಾಕಷ್ಟು ಸಿಗುತ್ತದೆ, ಬಾಳಿಕೆಯೂ ಬರುತ್ತದೆ. ಮಾವು ಅಗ್ಗ, ಆದರೆ ಹುಳ ಹಿಡಿಯುತ್ತದೆ. ಹೊರಗೆ ಚೆನ್ನಾಗಿ ಬಣ್ಣ ಬಳಿದರೆ ಕೆಲವು ವರ್ಷಕ್ಕೆ ಮೋಸವಿಲ್ಲ. ಪ್ಲೈವುಡ್ ಪದರ ಬಿಡುತ್ತದೆ, ಬೇಡ. ಘಾಟು ವಾಸನೆಯ ಹಸಿ ಮರವೂ ಬೇಡ.

ಮರದ ಜಾತಿಗಿಂತ ಅದು ಒಣಗಿದೆಯಾ ಅನ್ನುವುದು ಮುಖ್ಯ. ಮಿಲ್ಲಿನಿಂದ ಹಸಿ ಹಲಸು ತಂದು ಏಪ್ರಿಲಿನಲ್ಲಿ ಪೆಟ್ಟಿಗೆ ಮಾಡಿದ್ದೆ. ಜೂನಿನಲ್ಲಿ ಹಲಗೆ ದೋಣಿಯ ಹಾಗೆ ಬಾಗಿತು. ಒಂದು ಮೂಲೆಯಲ್ಲಿ ಕಿರುಬೆರಳು ಹೋಗುವಷ್ಟು ಬಾಯಿ ಬಿಟ್ಟಿತ್ತು. ಹಳೆ ಮನೆ ಬಿಚ್ಚಿದ ಹಲಗೆ, ಪಕ್ಕಾಸು ಸಿಕ್ಕಿದರೆ ಅದಕ್ಕೆ ಸಮ ಯಾವುದೂ ಇಲ್ಲ. ಐವತ್ತು ಮಳೆಗಾಲ ಕಂಡ ಮರ ಇನ್ನು ಬಾಗುವುದಿಲ್ಲ. ಮೊಳೆ ಎಲ್ಲ ತೆಗೆದಿದ್ದೀರಾ ಅಂತ ಎರಡು ಸಲ ನೋಡಿ, ಇಲ್ಲದಿದ್ದರೆ ಹತ್ತರಿಯ ಅಲಗು ಹೋಗುತ್ತದೆ. ಹಿಂದೆ ಗೆದ್ದಲಿನ ಮದ್ದು ಬಳಿದ ಮರ ಅಂತ ಗೊತ್ತಿದ್ದರೆ ಮುಟ್ಟಬೇಡಿ.

ಯಾವ ಸಾಮಾನು ಬೇಕು?

ಗರಗಸ, ಹತ್ತರಿ, ಉಳಿ, ಸುತ್ತಿಗೆ, ಮೂಲೆಮಟ್ಟ, ಸ್ಟೀಲ್ ಸ್ಕೇಲ್. ಮಿಷನ್ ಇದ್ದರೆ ಫ್ರೇಮಿನ ಪಟ್ಟಿ ಸೀಳುವುದು ಸುಲಭ. ಇಲ್ಲದಿದ್ದರೆ ಪಟ್ಟಿಯನ್ನು ಮಿಲ್ಲಿನಲ್ಲೇ 22 × 10ಕ್ಕೆ ಸೀಳಿಸಿ ತನ್ನಿ. ಕೈಯಲ್ಲಿ ಸೀಳುತ್ತೇನೆ ಅಂತ ಹೊರಟರೆ ಮೂರನೇ ಫ್ರೇಮಿಗೆ ಜೇನಿನ ಆಸೆಯೇ ಬಿಟ್ಟುಹೋಗುತ್ತದೆ. ಸಮುದ್ರದ ಗಾಳಿಗೆ ಸಾದಾ ಮೊಳೆ ಬೇಗ ತುಕ್ಕು ಹಿಡಿಯುತ್ತದೆ. ಜಿಐ ಮೊಳೆ ಅಥವಾ ಸ್ಟೀಲ್ ಸ್ಕ್ರೂ ಹಾಕಿ. ಅಂಟು ನೀರು ತಡೆಯುವಂಥದ್ದೇ ಇರಲಿ.

ಜೋಡಿಸುವುದು ಹೇಗೆ?

ಮೊದಲು ಮುಂದಿನ ಹಿಂದಿನ ಹಲಗೆಗಳ ಮೇಲಂಚಿನಲ್ಲಿ, ಒಳಬದಿಗೆ, ಫ್ರೇಮಿನ ಕಿವಿ ಕೂರುವ ಮೆಟ್ಟಿಲು ಕೊರೆಯಿರಿ. 10 ಮಿ.ಮೀ. ಆಳ, 11 ಮಿ.ಮೀ. ಅಗಲ. ಕೋಣೆ ಜೋಡಿಸಿದ ಮೇಲೆ ಕೊರೆಯುವುದು ಪಾಡು. ಮಿಷನಿನಲ್ಲಿ ಹಲಗೆಯ ಉದ್ದಕ್ಕೂ ಮೆಟ್ಟಿಲು ಹೊಡೆದರೆ ಎರಡೂ ಹೊರ ಮೂಲೆಯಲ್ಲಿ ಚೌಕದ ತೂತು ಉಳಿಯುತ್ತದೆ. ಅದಕ್ಕೆ ಸಣ್ಣ ಮರದ ತುಂಡು ಅಂಟು ಹಾಕಿ ಬಡಿಯಿರಿ. ಒಂದು ಸಲ ಅದನ್ನು ಮರೆತಿದ್ದೆ. ಇರುವೆಗಳು ಮರೆಯಲಿಲ್ಲ.

ಬದಿಯ ಹಲಗೆಗಳ ತುದಿಗೆ ಅಂಟು ಬಳಿದು, ಮುಂದಿನ ಹಿಂದಿನ ಹಲಗೆ ಇಟ್ಟು ಮೂಲೆಗೆ ಮೂರು ಸ್ಕ್ರೂ. ಪೂರ್ತಿ ಬಿಗಿ ಮಾಡುವ ಮೊದಲು ಎದುರು ಬದುರು ಮೂಲೆಗಳ ಅಡ್ಡ ಅಳತೆ ನೋಡಿ. ಎರಡೂ ಒಂದೇ ಬರಬೇಕು, 419 ಮಿ.ಮೀ.ಯ ಆಸುಪಾಸು. ಒಂದು ಜಾಸ್ತಿ ಒಂದು ಕಡಿಮೆ ಬಂದರೆ ಪೆಟ್ಟಿಗೆ ಸೊಟ್ಟ. ಉದ್ದದ ಮೂಲೆಯನ್ನು ಒತ್ತಿ ಸರಿ ಮಾಡಿ, ಆಮೇಲೆ ಬಿಗಿ ಮಾಡಿ.

ಫ್ರೇಮ್?

ಮೇಲುಪಟ್ಟಿ 266 ಉದ್ದ. ಎರಡೂ ತುದಿಯಿಂದ 18 ಮಿ.ಮೀ. ಒಳಗೆ 145 ಉದ್ದದ ಬದಿಪಟ್ಟಿಗಳು. ಅವುಗಳ ಅಡಿಗೆ 230ರ ಕೆಳಪಟ್ಟಿ. ಜೇನು ಕೋಣೆಯ ಫ್ರೇಮಿಗೆ ಬದಿಪಟ್ಟಿ 65 ಮಾತ್ರ. ಎರಡು ಫ್ರೇಮ್ ನಡುವಿನ 9 ಮಿ.ಮೀ. ಕಣ್ಣಂದಾಜಿಗೆ ಬಿಡಬೇಡಿ. ಮೇಲುಪಟ್ಟಿಯ ಪಕ್ಕಕ್ಕೆ ಸಣ್ಣ ಮೊಳೆ ಹೊಡೆದು 9 ಮಿ.ಮೀ. ಹೊರಗೆ ಬಿಟ್ಟರೆ ಅದೇ ತಡೆ. ಮೇಲುಪಟ್ಟಿಯ ಅಡಿಗೆ ನಡುವಿನಲ್ಲಿ ಸಣ್ಣ ಗಾಡಿ (ಗೆರೆಯಂಥ ಕಾಲುವೆ) ಕೊರೆದು ಮೇಣದ ಹಾಳೆಯ ಪಟ್ಟಿ ಸಿಕ್ಕಿಸಿ. ಹಾಳೆ ಇಲ್ಲವಾ, ಹಳೆ ಎರಿಯ ಮೇಣ ಕರಗಿಸಿ ಒಂದು ಗೆರೆ ಎಳೆಯಿರಿ. ನೊಣಗಳು ಆ ಗೆರೆ ಹಿಡಿದು ನೇರ ಕಟ್ಟುತ್ತವೆ. ಹಾಳೆ ಕೊಳ್ಳುವಾಗ ತುಡುವೆಯದ್ದೇ ಅಂತ ಕೇಳಿ ತನ್ನಿ. ಮೆಲ್ಲಿಫೆರಾ ಹಾಳೆಯ ಕಣ್ಣು (ಆರು ಮೂಲೆಯ ಕುಳಿ) ದೊಡ್ಡದು.

ಫ್ರೇಮ್ ಮಾಡುವುದು ಬೇಜಾರಿನ ಕೆಲಸ. ಸುಳ್ಳು ಹೇಳಿ ಪ್ರಯೋಜನ ಇಲ್ಲ. ಎರಡು ಕೋಣೆಗೆ 16 ಫ್ರೇಮು, ಒಂದಕ್ಕೆ ನಾಲ್ಕು ತುಂಡು. ಕೋಣೆ ಮಾತ್ರ ಮನೆಯಲ್ಲಿ ಮಾಡಿ ಫ್ರೇಮ್ ಕೊಂಡರೂ ಯಾರೂ ನಗುವುದಿಲ್ಲ. ಹಾಗೆ ಮಾಡುವುದಾದರೆ ಮೊದಲು ಫ್ರೇಮ್ ತನ್ನಿ, ಅದನ್ನು ಅಳೆದು ಆಮೇಲೆ ಮರ ಕೊಯ್ಯಿರಿ.

ಅಡಿಮಣೆ ಮತ್ತು ಬಾಗಿಲು?

300 ಅಗಲ, 350 ಉದ್ದದ ಹಲಗೆ. ಮುಂದೆ ಚಾಚಿದ ಭಾಗ ನೊಣ ಇಳಿಯುವ ಜಗಲಿ. ಮೂರು ಬದಿಗೆ 10 ಮಿ.ಮೀ. ಎತ್ತರದ ರೀಪು. ಮುಂದಿನ ಬದಿಗೆ ತೆಗೆದು ಹಾಕುವಂಥ ರೀಪು, ಅದರಲ್ಲಿ 8 ಸೆಂ.ಮೀ. ಅಗಲ, 8 ಮಿ.ಮೀ. ಎತ್ತರದ ಬಾಗಿಲು. ಬಾಗಿಲು ದೊಡ್ಡದಾದರೆ ಗಾಳಿ ಚೆನ್ನಾಗಿ ಬರುತ್ತದೆ ಅಂತ ಯೋಚಿಸಬೇಡಿ. ಗಾಳಿಯ ಜೊತೆ ಕಣಜ, ಹಲ್ಲಿ ಕೂಡ ಬರುತ್ತವೆ. ಅಡಿಮಣೆಯನ್ನು ಕೋಣೆಗೆ ಮೊಳೆ ಹೊಡೆಯಬೇಡಿ. ವಾರಕ್ಕೊಮ್ಮೆ ಎತ್ತಿ ಕಸ ಗುಡಿಸಬೇಕು. ಮೇಣದ ಹುಳು ಶುರುವಾಗುವುದೇ ಆ ಕಸದಲ್ಲಿ.

ನಮ್ಮ ಮಳೆಗೆ ಈ ಪೆಟ್ಟಿಗೆ ತಡೆಯುತ್ತದಾ?

ಪೆಟ್ಟಿಗೆ ತಡೆಯುತ್ತದೆ, ಮುಚ್ಚಳ ತಡೆಯಬೇಕು. ಕರಾವಳಿಯಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿ.ಮೀ.ಗೂ ಮೇಲೆ ಮಳೆ, ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಬಯಲು ಸೀಮೆಯ ಚಪ್ಪಟೆ ಮುಚ್ಚಳ ಇಲ್ಲಿ ಆಗುವುದಿಲ್ಲ.

ಎರಡು ಮುಚ್ಚಳ ಮಾಡಿ. ಒಳಮುಚ್ಚಳ ಕೋಣೆಯಷ್ಟೇ ಅಳತೆಯ ಹಲಗೆ, ಸುತ್ತ ಅಡಿಗೆ 8 ಮಿ.ಮೀ. ರೀಪು, ನಡುವೆ ಒಂದು ತೂತು, ಅದಕ್ಕೆ ಸಣ್ಣ ಕಣ್ಣಿನ ಜಾಲರಿ. ಹೊರಮುಚ್ಚಳ ಇಳಿಜಾರು, ಮೇಲೆ ತಗಡು, ನಾಲ್ಕೂ ಕಡೆ ಎರಡಿಂಚಾದರೂ ಚಾಚಿರಲಿ. ನಡುವೆ ಗಾಳಿ ಆಡಬೇಕು. ಮಳೆಗಾಲದಲ್ಲಿ ಕುಟುಂಬ ಸಾಯುವುದು ಹೊರಗಿನ ನೀರಿಗಿಂತ ಒಳಗಿನ ಬೆವರಿನಿಂದ ಜಾಸ್ತಿ ಅಂತ ನನ್ನ ಅನುಭವ. ತಗಡಿನ ಮೇಲೆ ಎರಡು ಮಂಗಳೂರು ಹಂಚು ಕವುಚಿ ಇಡುತ್ತೇನೆ. ಭಾರಕ್ಕೂ ಆಯಿತು, ತಂಪಿಗೂ ಆಯಿತು. 1865ರಲ್ಲಿ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯವರು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಹಾಕಿದ್ದಕ್ಕೆ ಇಷ್ಟು ವರ್ಷದ ಮೇಲೆ ನನ್ನ ಜೇನಿಗೂ ಉಪಕಾರ ಆಯಿತು. ಪೆಟ್ಟಿಗೆಯನ್ನು ಮುಂದಕ್ಕೆ ಸ್ವಲ್ಪ ಬಾಗಿಸಿ ಇಡಿ, ನುಗ್ಗಿದ ನೀರು ಬಾಗಿಲಿಂದಲೇ ಇಳಿದು ಹೋಗಲಿ. ಬಾಗಿಲು ಪಡುವಣಕ್ಕೆ ಬೇಡ. ಮೂಡು ದಿಕ್ಕು ಒಳ್ಳೆಯದು, ಬೆಳಗ್ಗಿನ ಬಿಸಿಲಿಗೆ ನೊಣ ಬೇಗ ಕೆಲಸಕ್ಕೆ ಹೊರಡುತ್ತವೆ.

ಬಣ್ಣ ಬಳಿಯಬಹುದಾ? ಗೇರೆಣ್ಣೆ?

ಹೊರಗೆ ಮಾತ್ರ, ತಿಳಿ ಬಣ್ಣ, ಎರಡು ಕೋಟು. ವಾಸನೆ ಪೂರ್ತಿ ಹೋಗುವವರೆಗೆ ಎರಡು ಮೂರು ವಾರ ಗಾಳಿಗೆ ಇಡಿ. ಒಳಗೆ ಏನೂ ಬಳಿಯಬೇಡಿ. ಗೇರುಬೀಜದ ಸಿಪ್ಪೆಯಿಂದ ತೆಗೆಯುವ ಗೇರೆಣ್ಣೆ ಮಾಡಿನ ಪಕ್ಕಾಸಿಗೆ, ಕಂಬದ ಕಾಲಿಗೆ ಸರಿ, ಪೆಟ್ಟಿಗೆಗೆ ಬೇಡ. ಕೈಗೆ ತಾಗಿದರೆ ಚರ್ಮ ಸುಡುತ್ತದೆ, ನೊಣಕ್ಕೆ ಒಳ್ಳೆಯದಾಗುತ್ತದಾ?

ಇರುವೆ ಕಾಟಕ್ಕೆ ಏನು ಮಾಡುವುದು?

ಮೊಣಕಾಲಿಗಿಂತ ಸ್ವಲ್ಪ ಎತ್ತರದ ಸ್ಟ್ಯಾಂಡ್, ಪ್ರತಿ ಕಾಲಿನ ಅಡಿಗೆ ನೀರಿನ ಬಟ್ಟಲು. ನೀರಿಗೆ ನಾಲ್ಕು ಹನಿ ಎಣ್ಣೆ ಬಿಡಿ, ಇಲ್ಲದಿದ್ದರೆ ಜೇನಿನ ಜೊತೆ ಸೊಳ್ಳೆಯನ್ನೂ ಸಾಕಿದ ಹಾಗಾಗುತ್ತದೆ. ಹುಲ್ಲು, ಬಳ್ಳಿ, ಬಿದ್ದ ಸೋಗೆ ಪೆಟ್ಟಿಗೆಗೆ ತಾಗದಂತೆ ನೋಡಿಕೊಳ್ಳಿ. ಬಟ್ಟಲಿನಲ್ಲಿ ನೀರು ತುಂಬಿದ್ದರೂ ಒಂದು ಗರಿಕೆ ಸಾಕು, ಇರುವೆಗೆ ಅದೇ ಸಂಕ.

ಪೆಟ್ಟಿಗೆ ಆಯಿತು. ಕುಟುಂಬ ಎಲ್ಲಿಂದ?

ಕೊಳ್ಳಬಹುದು, ಹಿಡಿಯಬಹುದು, ಕಾಯಬಹುದು. ಮಳೆ ಬಿಟ್ಟ ಮೇಲೆ, ನವೆಂಬರಿನಿಂದ ಜನವರಿಯವರೆಗೆ ಕುಟುಂಬಗಳು ಪಾಲಾಗಿ ಹೊಸ ಮನೆ ಹುಡುಕುವ ಕಾಲ. ಒಳಗೆ ಮೇಣ ಉಜ್ಜಿದ ಪೆಟ್ಟಿಗೆಯನ್ನೋ ಮಡಕೆಯನ್ನೋ ಮರದ ಕವಲಿನಲ್ಲಿ ಇಟ್ಟರೆ ಕೆಲವೊಮ್ಮೆ ತಾವೇ ಬಂದು ಕೂರುತ್ತವೆ. ಕೆಲವೊಮ್ಮೆ ಅಳಿಲು ಬಂದು ಕೂರುತ್ತದೆ.

ಪೊಟರೆಯಿಂದ ಹಿಡಿಯುವುದನ್ನು ಗೊತ್ತಿದ್ದವರ ಜೊತೆ ಎರಡು ಸಲ ನೋಡದೆ ಮಾಡಬೇಡಿ. ಸಂಜೆ ಹೊತ್ತು ಎರಿಗಳನ್ನು ಒಂದೊಂದಾಗಿ ಕೊಯ್ದು, ಮರಿ ಇರುವ ಭಾಗವನ್ನು ಫ್ರೇಮಿಗೆ ಬಾಳೆ ನಾರಿನಿಂದ ಕಟ್ಟಬೇಕು, ಮೇಲಿನ ಭಾಗ ಮೇಲೆಯೇ ಬರುವ ಹಾಗೆ. ಎರಿ ಅಂಟಿದ ಮೇಲೆ ನಾರನ್ನು ನೊಣಗಳೇ ಕಚ್ಚಿ ಹೊರಗೆ ಹಾಕುತ್ತವೆ. ಜೇನು ತುಂಬಿದ ಎರಿ ಕಟ್ಟಬೇಡಿ, ಭಾರಕ್ಕೆ ಕುಸಿಯುತ್ತದೆ. ರಾಣಿ ಸಿಕ್ಕಿದರೆ ಉಳಿದವು ತಾವೇ ಬರುತ್ತವೆ. ಬಾಗಿಲಿಗೆ ರಾಣಿ ತಡೆಯುವ ಗೇಟು ನಾಲ್ಕೈದು ದಿನ ಇರಲಿ. ನೊಣಗಳು ಕಾಲಿಗೆ ಪರಾಗ ಕಟ್ಟಿಕೊಂಡು ಬರಲು ಶುರುವಾದರೆ ಸಂಸಾರ ಊರಿತು ಅಂತ ಲೆಕ್ಕ. ಕುಟುಕಿಗೆ ಉಸಿರು ಕಟ್ಟುವ, ಮೈಯೆಲ್ಲ ದದ್ದು ಏಳುವ ಜಾಯಮಾನದವರು ಈ ಕೆಲಸಕ್ಕೆ ಇಳಿಯಬೇಡಿ.

ಯಾರೋ ಹಳೆ ಪೆಟ್ಟಿಗೆ ಸುಮ್ನೆ ಕೊಡ್ತೇನೆ ಅಂತಾರೆ. ತರಬಹುದಾ?

ಯಾಕೆ ಖಾಲಿಯಾಯಿತು ಅಂತ ಕೇಳಿ. 1990ರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಅನ್ನುವ ವೈರಸ್ ರೋಗ ಬಂದು ಈ ಭಾಗದ ತುಡುವೆ ಹೆಚ್ಚುಕಡಿಮೆ ಗುಡಿಸಿಹೋಯಿತು. ಮರಿಗಳು ಎರಿಯ ಕಣ್ಣುಗಳಲ್ಲೇ, ನೀರು ತುಂಬಿದ ಚೀಲದ ಹಾಗಾಗಿ ಸಾಯುತ್ತವೆ. ಸಾಲು ಸಾಲು ಖಾಲಿ ಪೆಟ್ಟಿಗೆ ಅಟ್ಟ ಸೇರಿದ್ದು ಆಗಲೇ. ಆ ರೋಗ ಇನ್ನೂ ಆಗಾಗ ಕಾಣಿಸುತ್ತದೆ. ಹಳೆ ಪೆಟ್ಟಿಗೆ ತಂದರೆ ಎರಿ ಒಂದೂ ಉಳಿಸದೆ ಸುಡಿ. ಕೆರೆದು, ಕುದಿನೀರು ಹೊಯ್ದು, ವಾರಗಟ್ಟಲೆ ಸುಡುಬಿಸಿಲಿಗೆ ಇಡಿ. ಸಂದುಗೊಂದಿಗೆ ಬೆಂಕಿಯ ನಾಲಿಗೆ ಹಿಡಿದರೆ ಮೇಣದ ಪತಂಗದ ಮೊಟ್ಟೆಯೂ ಹೋಗುತ್ತದೆ. ಅಷ್ಟು ಮಾಡಿದ ಮೇಲೆ ಅಳೆಯಿರಿ. ಎಷ್ಟೋ ಸಲ ರೋಗಕ್ಕಿಂತ ಅಳತೆಯದ್ದೇ ತೊಂದರೆ ಇರುತ್ತದೆ.

ಮುಜಂಟಿಗೆ ಇದೇ ಪೆಟ್ಟಿಗೆ ಆಗುತ್ತದಾ?

ಇಲ್ಲ. ಮುಜಂಟಿ ಎಂಬ ಪುಟ್ಟ ಜೇನಿಗೆ ಫ್ರೇಮೂ ಬೇಡ, ಎರಿಯೂ ಇಲ್ಲ. ಅದು ಮೇಣ ಮತ್ತು ಮರದ ಅಂಟು ಸೇರಿಸಿ ಗೊಂಚಲು ಗೊಂಚಲಾಗಿ ಸಣ್ಣ ಕುಡಿಕೆ ಕಟ್ಟುತ್ತದೆ. ಒಂದೂವರೆ ಗೇಣು ಉದ್ದದ ಕಿರಿದಾದ ಪೆಟ್ಟಿಗೆ, ಉದ್ದಕ್ಕೆ ಎರಡು ಹೋಳು ಮಾಡಿ ಜೋಡಿಸಿದ್ದು, ಬೆರಳು ಹೋಗದಷ್ಟು ಒಂದು ತೂತು. ಅಷ್ಟು ಸಾಕು. ಕುಟುಕುವುದಿಲ್ಲ, ಸಿಟಿಯ ಬಾಲ್ಕನಿಗೂ ಆಗುತ್ತದೆ. ಮಂಗಳೂರಿನ ಕದ್ರಿಯ ಫ್ಲ್ಯಾಟಿನವರು ಕೇಳಿದರೆ ನಾನು ಮುಜಂಟಿಯನ್ನೇ ಹೇಳುವುದು.

ಒಂದು ಪೆಟ್ಟಿಗೆಯಲ್ಲಿ ಎಷ್ಟು ಜೇನು?

ಚೆನ್ನಾಗಿ ನೋಡಿಕೊಂಡರೆ, ಸುತ್ತ ಹೂವಿದ್ದರೆ ವರ್ಷಕ್ಕೆ 5ರಿಂದ 10 ಕಿಲೋ. ರಬ್ಬರ್ ತೋಟದ ಹತ್ತಿರ ಜಾಸ್ತಿ. ರಬ್ಬರಿನ ಜೇನು ಬರುವುದು ಹೂವಿನಿಂದ ಅಲ್ಲ, ಚಿಗುರೆಲೆಯ ತೊಟ್ಟಿನ ಬಳಿ ಒಸರುವ ರಸದಿಂದ. ಜನವರಿಯಿಂದ ಮಾರ್ಚ್‌ವರೆಗೆ ಅದರ ಕಾಲ. ಗೇರು, ಮಾವು, ನೇರಳೆ, ಕುಂಟಾಲ ಅದರ ಹಿಂದೆ ಮುಂದೆ. ಪರಾಗಕ್ಕೆ ತೆಂಗು ವರ್ಷವಿಡೀ, ಅಡಕೆ ಅದರ ಹೂವಿನ ಕಾಲದಲ್ಲಿ. ಸಂಸಾರ ಕೋಣೆಯ ಜೇನು ಮುಟ್ಟಬೇಡಿ, ಅದು ಅವುಗಳ ಮಳೆಗಾಲದ ಅಕ್ಕಿ ಮುಡಿ. ಆಟಿ ತಿಂಗಳಲ್ಲಿ (ಜುಲೈ–ಆಗಸ್ಟ್) ಸಕ್ಕರೆ, ನೀರು ಸಮ ಪಾಲು ಪಾಕ ಮಾಡಿ ಸಂಜೆ ಕೊಡಿ.

ಎಲ್ಲ ಸರಿಯಾಗಿ ಮಾಡಿದೆ, ಆದರೂ ನೊಣ ಎದ್ದು ಹೋದವು. ಪೆಟ್ಟಿಗೆಯದ್ದೇ ತಪ್ಪಾ?

ಆಗಿರಬಹುದು, ಆಗದೆಯೂ ಇರಬಹುದು. ತುಡುವೆ ಸ್ವಭಾವದಲ್ಲೇ ಅಲೆಮಾರಿ. ಇರುವೆ, ಹಸಿವು, ಉರಿಬಿಸಿಲು, ಮೇಣದ ಹುಳು, ದಿನಕ್ಕೆರಡು ಸಲ ಮುಚ್ಚಳ ತೆಗೆದು ಇಣುಕುವ ಯಜಮಾನ, ಯಾವುದಕ್ಕೂ ಅವು ಹೋಗಬಹುದು. ಬಾಗಿಲ ಎದುರು ತಂತಿಯ ಮೇಲೆ ನೊಣ ಹಿಡಿದು ತಿನ್ನುವ ಕಳ್ಳಿಪೀರ ಹಕ್ಕಿಗಳು ಸಾಲಾಗಿ ಕೂತರೂ ಹೋಗಬಹುದು. ಮೊದಲು ಅಡಿಮಣೆಯ ಕಸ ನೋಡಿ. ಬಲೆ, ಕಪ್ಪು ಹಿಕ್ಕೆ ಇದ್ದರೆ ಪತಂಗ. ಎರಿಯಲ್ಲಿ ಒಂದು ಹನಿ ಜೇನೂ ಇಲ್ಲದಿದ್ದರೆ ಹಸಿವು. ಎರಡೂ ಅಲ್ಲದಿದ್ದರೆ ಕೋಣೆಯನ್ನು ಬಿಸಿಲಿಗೆ ಎತ್ತಿ ಹಿಡಿದು ಒಳಗಿನಿಂದ ನೋಡಿ, ಎಲ್ಲಿ ಬೆಳಕು ತೂರುತ್ತದೆ ಅಂತ. ಆ ಬಿರುಕಿಗೆ ಮೇಣ ತುಂಬಿ, ಸ್ಕೇಲ್ ತೆಗೆದು ಸಂದು ಅಳೆದು, ಎರಿಯ ಒಂದು ತುಂಡನ್ನು ಒಳಗೆ ಉಜ್ಜಿ ಮತ್ತೆ ಮರಕ್ಕೆ ಏರಿಸಿ. ನನ್ನ ಐದನೇ ಪೆಟ್ಟಿಗೆಗೆ ಹಾಗೆ ಮೂರನೇ ಕುಟುಂಬ ಬಂದು ಕೂತಿದೆ, ಈ ನವೆಂಬರಿಗೆ ಎರಡು ವರ್ಷ.